ಮುಚ್ಚಿಗೆಯ ಮೇಲಿನ ಗುರುತುಗಳು

ಯಕ್ಷಗಾನದ ಮದ್ದಳೆ, ಚೆಂಡೆಗಳ ಮುಚ್ಚಿಗೆಗೆ ಬಳಸುವುದು ಚಪ್ಪಲಿ, ಚೀಲಗಳ ಹದ ಮಾಡಿದ ಚರ್ಮವಲ್ಲ. ಕೂದಲು ತೆಗೆದು, ಎಳೆದು ಕಟ್ಟಿ ಒಣಗಿಸಿದ ತೊಗಲು. ಬಣ್ಣ, ಪಾಲಿಶ್ ಯಾವುದೂ ಇಲ್ಲದ್ದರಿಂದ ಪ್ರಾಣಿ ಬದುಕಿದ್ದಾಗ ಆದ ಗುರುತುಗಳು ಹಾಗೇ ಉಳಿಯುತ್ತವೆ. ಸ್ವಲ್ಪ ಓರೆಯಾಗಿ ನಿಂತು ನೋಡಿ: ಸೂಜಿಮೊನೆಯಷ್ಟು ಚುಕ್ಕಿಗಳು ಕೂದಲಿನ ಬುಡ, ಕವಲೊಡೆದ ತೆಳುಗೆರೆ ರಕ್ತನಾಳದ ಹಾದಿ, ನಯವಾಗಿ ಹೊಳೆಯುವ ಗೀರು ಮುಳ್ಳು ತರಚಿ ಮಾಗಿದ ಗಾಯ, ಪುಟ್ಟ ಗುಳಿ ಉಣ್ಣಿ ಕಚ್ಚಿದ ಜಾಗ. ನೋಟಕ್ಕೆ ಇವು ಕುಂದಲ್ಲ. ಗಾಯ ಆಳವಾಗಿದ್ದರೆ ಮಾತ್ರ ಅಲ್ಲಿ ತೊಗಲಿನ ದಪ್ಪ ಏರುಪೇರಾಗಿ ನಾದ ಕೆಡುತ್ತದೆ.

ಬಳಕೆಯ ಗುರುತುಗಳೇ ಬೇರೆ. ಮದ್ದಳೆಯ ಅಂಚು ಕಂದಿರುವುದು ಕೈಯ ಬೆವರು, ಜಿಡ್ಡಿನಿಂದ. ಅನ್ನ ಮತ್ತು ಕಬ್ಬಿಣದಂಶದ ಕಲ್ಲಿನ ಪುಡಿ ಅರೆದು ಪದರ ಪದರವಾಗಿ ಹಚ್ಚಿದ ನಡುವಿನ ಕಪ್ಪು ಕರಣೆ ಬಾರಿಸಿದಷ್ಟೂ ಸವೆಯುತ್ತದೆ. ಚೆಂಡೆಯಲ್ಲಿ ಕೋಲು ಬೀಳುವ ಕಡೆ ತೊಗಲಿನ ಎಳೆ ಬಿಚ್ಚಿಕೊಂಡು ನವಿರಾಗಿ ಏಳುತ್ತದೆ. ಮುಚ್ಚಿಗೆ ಹರಿಯುವುದೂ ಹೆಚ್ಚಾಗಿ ಅಲ್ಲಿಂದಲೇ.

ಒಂದು ಬದಿ ಅರಬ್ಬಿ ಸಮುದ್ರ, ಇನ್ನೊಂದು ಬದಿ ಹೊಳೆ ಇರುವ, ಕರಾವಳಿಯ ಮಟ್ಟುವಿನಂಥ ಊರಿನಲ್ಲಿ ತೊಗಲಿಗೆ ತೇವ ತಪ್ಪಿದ್ದಲ್ಲ. ನೀರಿನಂಶ ಹೀರಿದ ತೊಗಲು ಸಡಿಲಾಗಿ ಶ್ರುತಿ ಇಳಿಯುತ್ತದೆ; ಬಾರು ಬಿಗಿದು ಮೇಲಕ್ಕೆ ತರಬೇಕು. ಮೇ ಕೊನೆಗೆ, ತುಳುವರ ಪತ್ತನಾಜೆಯ ದಿನ, ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಹೊತ್ತಿಗೆ ಮಳೆಯೂ ಹತ್ತಿರವಾಗಿರುತ್ತದೆ. ಮಳೆಗಾಲದಲ್ಲಿ ಮೂಲೆಗಿಟ್ಟ ಮದ್ದಳೆಯ ಮೇಲೆ ಕಾಣುವ ಬೂದು, ಹಸಿರು ಮಚ್ಚೆಗಳು ಬೂಷ್ಟು. ಒಣಬಟ್ಟೆಯಲ್ಲಿ ಮೆಲ್ಲಗೆ ಒರೆಸಿದರೆ ಸಾಕು. ಹೊಳಪಿಗೆಂದು ಎಣ್ಣೆ ಸವರಿದರೆ ಮುಚ್ಚಿಗೆಯ ಬಿಗಿ, ನಾದ ಎರಡೂ ಹೋಗುತ್ತವೆ.