ತೀರ್ಥಹಳ್ಳಿಯ ಒಂಬತ್ತು

ತೀರ್ಥಹಳ್ಳಿಯಲ್ಲಿರುವ ತಂಗಿ ಹಳೆಯ ಟ್ರಂಕು ತೆಗೆದು ಒಪ್ಪ ಮಾಡುವಾಗ ಒಂದು ಸಿ.ಡಿ. ಸಿಕ್ಕಿತು. ಮೇಲೆ ‘ಅಮ್ಮನ ಬರಹ’ ಎಂದು ನನ್ನದೇ ಅಕ್ಷರ. ಹೊಸನಗರ ತಾಲ್ಲೂಕಿನಲ್ಲಿದ್ದ ಅಮ್ಮನ ತವರುಮನೆ, 1964ರಲ್ಲಿ ಕಟ್ಟಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಆ ಮನೆ, ತೋಟ, ನೆರೆಹೊರೆಯವರು, ಯಾರು ಎಲ್ಲಿಗೆ ಗಂಟುಮೂಟೆ ಕಟ್ಟಿದರು ಎಂಬುದನ್ನೆಲ್ಲ ಅಮ್ಮ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು. 2003ರಲ್ಲಿ ಸಾಗರದ ಒಂದು ಡಿ.ಟಿ.ಪಿ. ಅಂಗಡಿಯಲ್ಲಿ ಅದನ್ನು ಟೈಪ್ ಮಾಡಿಸಿದ್ದೆ. ನೋಟ್‌ಬುಕ್ಕು ಗೆದ್ದಲಿನ ಪಾಲಾಯಿತು. ಅಮ್ಮನೂ ಈಗಿಲ್ಲ. ಉಳಿದದ್ದು ಈ ಸಿ.ಡಿ. ಒಂದೇ.

ಅದರಲ್ಲಿದ್ದದ್ದು ಪೇಜ್‌ಮೇಕರ್ ಕಡತ. ಒಂದು ಕಾಲಕ್ಕೆ ಪ್ರೆಸ್ಸುಗಳಲ್ಲೆಲ್ಲ ಅದರದೇ ರಾಜ್ಯಭಾರ. 2001ರ ಏಳನೆಯ ಆವೃತ್ತಿಯೇ ಅದಕ್ಕೆ ಕೊನೆಯದಾಯಿತು. ಈಗ ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಅದನ್ನು ತೆರೆಯುತ್ತದೆಂದು ಮಗ ಪತ್ತೆ ಮಾಡಿದ. ತೆರೆದರೆ ಪರದೆ ತುಂಬ ಇಂಗ್ಲಿಷ್ ಅಕ್ಷರ, ಪೌಂಡಿನ ಗುರುತು, ನೆತ್ತಿಯ ಮೇಲೆ ಗೀಟು ಹೊತ್ತ ‘ಎ’ಗಳು! ಫೋನಿನಲ್ಲಿ ಚಿತ್ರ ನೋಡಿದ ತಂಗಿ, “ಎಂತದೇ ಅಕ್ಕ ಇದು? ಅಮ್ಮ ಇಂಗ್ಲಿಷ್ ಕಲಿತದ್ದು ಯಾವಾಗ?” ಎಂದಳು.

ಇದರ ಹಿಂದೆ ಒಂದು ಇತಿಹಾಸವಿದೆ. ಕಂಪ್ಯೂಟರಿನಲ್ಲಿ ಕನ್ನಡಕ್ಕೆ ಸ್ವಂತ ಮನೆ ಇಲ್ಲದಿದ್ದಾಗ ನಮ್ಮವರು ಇಂಗ್ಲಿಷಿನ ಮನೆಯಲ್ಲೇ ಬಾಡಿಗೆಗಿದ್ದರು. ಇಂಗ್ಲಿಷ್ ‘ಪಿ’ ಇರುವ ಜಾಗದಲ್ಲಿ ‘ಕ’ದ ಒಡಲು, ಗೀಟು ಹೊತ್ತ ‘ಎ’ಯ ಜಾಗದಲ್ಲಿ ತಲೆಕಟ್ಟು, ಪೌಂಡಿನ ಜಾಗದಲ್ಲಿ ‘ನ’ದ ಒಡಲು. ‘ಕನ್ನಡ’ ಎಂದು ಬರೆಯಲು ಹೀಗೆ ಏಳು ತುಂಡುಗಳು ಬೇಕಿದ್ದವು. ನಮ್ಮ ಕಣ್ಣಿಗೆ ಕನ್ನಡ, ಕಂಪ್ಯೂಟರಿನ ಲೆಕ್ಕಕ್ಕೆ ಇಂಗ್ಲಿಷ್. ಅಕ್ಷರಶೈಲಿಯ ಕಡತ ಯಂತ್ರದಲ್ಲಿ ಇಲ್ಲದಿದ್ದರೆ ವೇಷ ಕಳಚಿ ಬೀಳುತ್ತಿತ್ತು. ಒಂದೊಂದು ತಂತ್ರಾಂಶದ್ದು ಒಂದೊಂದು ಜೋಡಣೆ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಕಚೇರಿ, ಪ್ರೆಸ್ಸುಗಳಿಗೆಲ್ಲ ಹರಡಿತು. 1991ರ ಯುನಿಕೋಡ್ ಕನ್ನಡಕ್ಕೆ ತನ್ನದೇ ಜಾಗ ಕೊಟ್ಟಿತ್ತು, ನಿಜ. ಆದರೆ ಅದು ಮನೆಯ ಕಂಪ್ಯೂಟರುಗಳಿಗೆ ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿಯ ನಂತರ. ಯುನಿಕೋಡಿನಲ್ಲಿ ‘ಕನ್ನಡ’ಕ್ಕೆ ಐದೇ ಸಂಕೇತ: ಕ, ನ, ಹಲಂತ, ಮತ್ತೊಂದು ನ, ಡ.

ಹಳೆಯದನ್ನು ಹೊಸದಕ್ಕೆ ತಿರುಗಿಸುವ ಪರಿವರ್ತಕಗಳು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ಪಠ್ಯವನ್ನು ಒಂದು ಚೌಕದಲ್ಲಿ ಅಂಟಿಸಿ ಗುಂಡಿ ಒತ್ತಿದರೆ ಆಯಿತು. ಅಮ್ಮ ಕನ್ನಡದಲ್ಲಿ ಮಾತಾಡತೊಡಗಿದಳು. ನಡುವೆ ಇದ್ದ ನಾಲ್ಕಾರು ಇಂಗ್ಲಿಷ್ ಪದಗಳು ಮಾತ್ರ ಅರ್ಥವಿಲ್ಲದ ಕನ್ನಡವಾಗಿ ನಿಂತಿದ್ದವು.

“ನಮ್ಮ ಕಡೆಗೆ ಬಂದವರು ಯಾರೆಂದು ಬರೆದಿದ್ದಾಳೆಯೇ ನೋಡೇ” ಎಂದಳು ತಂಗಿ. ‘ತೀರ್ಥಹಳ್ಳಿ’ ಎಂದು ಹುಡುಕಿದೆ. ಒಂದೂ ಇಲ್ಲ ಎಂದಿತು ಕಂಪ್ಯೂಟರ್. ಅಮ್ಮ ಮರೆತಳೆಂದುಕೊಂಡು ಬೇಜಾರಾಯಿತು. ರಾತ್ರಿ ಊಟ ಮುಗಿಸಿ ಮೊದಲಿನಿಂದ ಓದುತ್ತ ಕೂತೆ. ಮೂರನೆಯ ಪುಟದಲ್ಲೇ ಇದೆ, ‘ತೀಥ೯ಹಳ್ಳಿ’! ಟೈಪ್ ಮಾಡಿದವರು ಅರ್ಕಾವೊತ್ತಿನ ಬದಲು ಅದರಂತೆಯೇ ಕಾಣುವ ಒಂಬತ್ತರ ಅಂಕಿ ಒತ್ತಿಬಿಟ್ಟಿದ್ದರು. ‘ವಷ೯’, ‘ಮಾಗ೯’, ಎಲ್ಲೆಲ್ಲೂ ಒಂಬತ್ತು. ಕಾಗದದ ಮೇಲೆ ಯಾರಿಗೂ ತಿಳಿಯದ ತಪ್ಪು ಅದು. ಕಂಪ್ಯೂಟರಿಗೆ ಮಾತ್ರ ಅಂಕಿ ಅಂಕಿಯೇ.

ಅವಸರದಲ್ಲಿ ಒಂಬತ್ತನ್ನೆಲ್ಲ ‘ರ್’ ಮಾಡಿ ನೋಡಿದೆ. ತೀರ್ಥಹಳ್ಳಿ ‘ತೀಥರ್ಹಳ್ಳಿ’ಯಾಯಿತು. ಅರ್ಕಾವೊತ್ತನ್ನು ಕೈ ಕೊನೆಗೆ ಬರೆದರೂ ನಾಲಗೆ ಮೊದಲು ನುಡಿಯುತ್ತದಲ್ಲ! ಸಾಲದ್ದಕ್ಕೆ ಊರು ಮುಳುಗಿದ ‘೧೯೬೪’ರಲ್ಲಿದ್ದ ನಿಜವಾದ ಒಂಬತ್ತೂ ಮಾಯ. ಮೂಲದ ಪ್ರತಿ ಬೇರೆ ಇಟ್ಟಿದ್ದೆ, ಬದುಕಿದೆ. ನಿಮ್ಮಲ್ಲೂ ಇಂಥ ಕಡತಗಳಿದ್ದರೆ ಆ ಪ್ರತಿಯನ್ನು ಮಾತ್ರ ಅಳಿಸಬೇಡಿ.

ಎಂಟು ರಾತ್ರಿ ಕೂತು ಒಂದೊಂದಾಗಿ ತಿದ್ದಿದೆ. ತೀರ್ಥಹಳ್ಳಿ ಆರು ಕಡೆ ಬಂತು. ಅಮ್ಮನ ಪಕ್ಕದ ಮನೆಯವರು, ಅವಳ ಜೊತೆ ಶಾಲೆಗೆ ಹೋಗುತ್ತಿದ್ದ ಹುಡುಗಿಯ ಸಮೇತ, ಅಲ್ಲಿಗೇ ಹೋಗಿದ್ದರು. ಆ ಹುಡುಗಿಗೀಗ ಎಂಬತ್ತು ದಾಟಿರಬೇಕು. ಪುಟಗಳನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ ತಂಗಿಗೆ ಕಳಿಸಿದ್ದೇನೆ. ಭಾನುವಾರ ಹುಡುಕಿಕೊಂಡು ಹೋಗುತ್ತಾಳಂತೆ.