ಕನ್ನಂಬಾಡಿ ಕಟ್ಟೆಯ ಕೆಂಪು ಪುಡಿ

ಸಿಮೆಂಟ್ ಇಲ್ಲದೆ ಇಂದು ಊರಿನ ಒಂದು ಚರಂಡಿಯನ್ನೂ ಕಟ್ಟುವುದಿಲ್ಲ. ಆದರೆ ಕಾವೇರಿಗೆ ಅಡ್ಡಲಾಗಿ ಸುಮಾರು 8,600 ಅಡಿ ಉದ್ದಕ್ಕೆ, 130 ಅಡಿ ಎತ್ತರಕ್ಕೆ ನಿಂತಿರುವ ಕೃಷ್ಣರಾಜಸಾಗರದ ಕಲ್ಲುಗಳನ್ನು ಹಿಡಿದಿಟ್ಟಿರುವುದು ಸುಣ್ಣ ಮತ್ತು ಸುರ್ಕಿಯ ಗಾರೆ. ಶ್ರೀರಂಗಪಟ್ಟಣ ತಾಲ್ಲೂಕಿನ ಈ ಕಟ್ಟೆಯ ಹಿನ್ನೀರು ಪಾಂಡವಪುರ, ಕೃಷ್ಣರಾಜಪೇಟೆಗಳ ನೆಲಕ್ಕೂ ಚಾಚಿದೆ. ಇಷ್ಟು ನೀರಿನ ಒತ್ತಡವನ್ನು ತಡೆಯುವ ಶಕ್ತಿ ಆ ಗಾರೆಗೆ ಎಲ್ಲಿಂದ ಬಂತು?

ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ 1911ರಲ್ಲಿ ಕೆಲಸ ಆರಂಭವಾದಾಗ ಎಂ. ವಿಶ್ವೇಶ್ವರಯ್ಯನವರು ಸಂಸ್ಥಾನದ ಮುಖ್ಯ ಎಂಜಿನಿಯರ್. ಆಗ ಸಿಮೆಂಟ್ ಬಹುಮಟ್ಟಿಗೆ ಹಡಗಿನಲ್ಲಿ ಬರುತ್ತಿದ್ದ ದುಬಾರಿ ಸರಕು. ಪೋರಬಂದರಿನ ಕಾರ್ಖಾನೆ ಉತ್ಪಾದನೆ ತೊಡಗಿದ್ದು 1914ರಲ್ಲಿ. ಹೀಗಾಗಿ ಸ್ಥಳೀಯವಾಗಿ ದೊರೆಯುವ ಸುಣ್ಣ ಮತ್ತು ಮಣ್ಣಿನತ್ತ ಎಂಜಿನಿಯರುಗಳ ಕಣ್ಣು ಹರಿಯಿತು.

ಸುರ್ಕಿ ಎಂದರೆ ಸುಟ್ಟ ಜೇಡಿಮಣ್ಣಿನ ಅಥವಾ ಇಟ್ಟಿಗೆಯ ನಯವಾದ ಪುಡಿ. ಪಾರ್ಸಿ ಭಾಷೆಯಲ್ಲಿ ‘ಸುರ್ಖ್’ ಎಂದರೆ ಕೆಂಪು. ಹಳೆಯ ಗಾರೆ ಎಂದೊಡನೆ ನಮ್ಮಲ್ಲಿ ಬೆಲ್ಲ, ಕೋಳಿಮೊಟ್ಟೆಯ ಮಾತು ಬರುತ್ತದೆ. ಸುರ್ಕಿಯ ಗುಟ್ಟು ಅದರಲ್ಲಿಲ್ಲ. ಮಣ್ಣನ್ನು ಸುಟ್ಟ ಹದದಲ್ಲಿದೆ.

ಬರಿಯ ಸುಣ್ಣದ ಗಾರೆ ಗಟ್ಟಿಯಾಗಲು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಬೇಕು. ದಪ್ಪ ಗೋಡೆಯ ಒಡಲಿಗೆ ಗಾಳಿ ತಲುಪುವುದಿಲ್ಲ. ನೀರಿನಡಿಯಲ್ಲಂತೂ ಆ ಗಾರೆ ಗಟ್ಟಿಯಾಗುವುದೇ ಇಲ್ಲ. ಜೇಡಿಮಣ್ಣನ್ನು ಸುಮಾರು 600ರಿಂದ 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ ಅದರ ಹರಳು ರಚನೆ ಕುಸಿದು, ಸಿಲಿಕಾ ಮತ್ತು ಅಲ್ಯೂಮಿನಾ ಚುರುಕಾಗುತ್ತವೆ. ಅವು ನೀರಿನ ಸಮ್ಮುಖದಲ್ಲೇ ಸುಣ್ಣದೊಡನೆ ಕೂಡಿ ಅಂಟು ಪದಾರ್ಥವಾಗುತ್ತವೆ. ಸಿಮೆಂಟಿನ ಬಲವೂ ಇದೇ ಜಾತಿಯ ಅಂಟಿನದು. ಸುಟ್ಟದ್ದು ಕಡಿಮೆಯಾದರೆ ಮಣ್ಣು ಮಣ್ಣಾಗಿಯೇ ಉಳಿಯುತ್ತದೆ, ಹೆಚ್ಚಾದರೆ ಜಡವಾಗುತ್ತದೆ. ವಸ್ತುವಿನ ಗುಣ ಅದರಲ್ಲಿ ಏನಿದೆ ಎಂಬುದರಷ್ಟೇ, ಅದನ್ನು ಹೇಗೆ ಹದಗೊಳಿಸಲಾಗಿದೆ ಎಂಬುದನ್ನೂ ಅವಲಂಬಿಸಿದೆ. ಪದಾರ್ಥ ಎಂಜಿನಿಯರಿಂಗ್‌ನ ಸ್ನಾತಕೋತ್ತರ ತರಗತಿಯ ಮೊದಲ ಪಾಠವೂ ಇದೇ. ರೋಮನ್ನರು ಜ್ವಾಲಾಮುಖಿಯ ಬೂದಿಯಿಂದ ಪಡೆದುದನ್ನು ನಮ್ಮ ಗಾರೆಯವರು ಆವಿಗೆಯಿಂದ ಪಡೆದರು.

ಸುರ್ಕಿ ಗಾರೆ ನಿಧಾನ. ಅದರ ಬಲ ವರ್ಷಗಟ್ಟಲೆ ಏರುತ್ತಾ ಹೋಗುತ್ತದೆ. ಈ ನಿಧಾನವೇ ಅಣೆಕಟ್ಟಿಗೆ ವರವೂ ಹೌದು. ಸಿಮೆಂಟ್ ಬೇಗ ಗಟ್ಟಿಯಾಗುವಾಗ ಶಾಖ ಹುಟ್ಟುತ್ತದೆ. ದಪ್ಪ ಕಟ್ಟಡ ಆರುವಾಗ ಬಿರುಕು ಬಿಡುತ್ತದೆ. 1931ರಲ್ಲಿ ಆರಂಭವಾದ ಅಮೆರಿಕದ ಹೂವರ್ ಅಣೆಕಟ್ಟಿನ ಕಾಂಕ್ರೀಟಿನೊಳಗೆ ಕೊಳವೆಗಳನ್ನಿಟ್ಟು ತಣ್ಣೀರು ಹರಿಸಬೇಕಾಯಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಪೂರ್ಣಗೊಂಡ ಕನ್ನಂಬಾಡಿಗೆ ಆ ತೊಡಕು ಇರಲಿಲ್ಲ.

ಹಾಗೆಂದು ಈ ಗಾರೆಗೆ ಸಾವಿಲ್ಲ ಎನ್ನುವಂತಿಲ್ಲ. ಜಿನುಗುವ ನೀರು ಸುಣ್ಣವನ್ನು ಸ್ವಲ್ಪಸ್ವಲ್ಪವಾಗಿ ಕರಗಿಸಿ ಒಯ್ಯುತ್ತದೆ. ಒತ್ತಿದರೆ ತಡೆಯುವ ಗಾರೆ, ಎಳೆದರೆ ತಾಳದು. ಕಂಪನ ಎರಡನ್ನೂ ಬೆನ್ನುಬೆನ್ನಿಗೆ ತರುತ್ತದೆ. ಆದ್ದರಿಂದಲೇ ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಕಲ್ಲುಗಣಿಗಳ ಸಿಡಿತದ ಸದ್ದು ರೈತರನ್ನು ಕಂಗೆಡಿಸಿತು. ಅಣೆಕಟ್ಟಿನ ಸುತ್ತ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆಗೆ ಹೈಕೋರ್ಟ್ 2024ರ ಜನವರಿಯಲ್ಲಿ ತಡೆ ನೀಡಿತು.

ಸಿಡಿಮದ್ದಿನಿಂದ ಕಟ್ಟೆಗೆ ಎಷ್ಟು ಅಪಾಯ ಎಂಬುದು ವಾದದಿಂದ ತೀರುವ ಪ್ರಶ್ನೆಯಲ್ಲ. ಅಳೆದು ನೋಡಬೇಕಾದ ಪ್ರಶ್ನೆ. ವಿಶ್ವೇಶ್ವರಯ್ಯ ನಾಲೆಯ ನೀರು ನಂಬಿದ ಕಬ್ಬು, ಭತ್ತದ ಗದ್ದೆಗಳೆಲ್ಲ ಆ ಕೆಂಪು ಪುಡಿಯ ಹಿಡಿತದ ಮೇಲೆ ನಿಂತಿವೆ. ಹದವರಿತು ಕಟ್ಟಿದವರು ತಮ್ಮ ಕೆಲಸ ಮುಗಿಸಿದ್ದಾರೆ. ಹದವರಿತು ಕಾಯುವ ಕೆಲಸ ಉಳಿದವರದು.