ಮುದ್ದೆಯ ತಟ್ಟೆಗೆ ಬಂಗುಡೆ ಬಂದ ದಾರಿ

ಮಂಗಳೂರು ಕಡೆಯಿಂದ ಶಿರಾಡಿ ಘಾಟಿ ಹತ್ತಿ, ಹಾಸನ ದಾಟಿ ಬರುವ ರಾಷ್ಟ್ರೀಯ ಹೆದ್ದಾರಿ 75 ನೆಲಮಂಗಲದ ಮೂಲಕ ಬೆಂಗಳೂರು ಸೇರಿ, ಹೊಸಕೋಟೆಯತ್ತ ಮುಂದುವರಿಯುತ್ತದೆ. ಐಸ್ ನೀರು ತೊಟ್ಟಿಕ್ಕಿಸುತ್ತಾ ಬರುವ ಲಾರಿಗಳಲ್ಲಿ ಬಂಗುಡೆ ಇರುತ್ತದೆ. ಸಮುದ್ರವೇ ಇಲ್ಲದ ನಮ್ಮ ಜಿಲ್ಲೆಗೆ ಈ ಮೀನು ಒಗ್ಗಿದ್ದು ಹೇಗೆ? ಇದು ಉಪ್ಪು, ಬಲೆ ಮತ್ತು ಐಸಿನ ಕತೆ.

ಮೊದಲು ಉಪ್ಪು. 1956ರವರೆಗೆ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು, ನಾವು ಮೈಸೂರಿಗೆ. ಬ್ರಿಟಿಷರ ಕಾಲದಲ್ಲಿ ಉಪ್ಪಿಗೆ ತೆರಿಗೆ. ಹಾಗಾಗಿ 19ನೇ ಶತಮಾನದ ಕೊನೆಯ ದಶಕಗಳಲ್ಲಿ ಮದ್ರಾಸ್ ಸರ್ಕಾರ ಕರಾವಳಿಯಲ್ಲಿ ಮೀನಿಗೆ ಉಪ್ಪು ಹಾಕುವ ಅಂಗಳಗಳನ್ನು ತೆರೆದು, ಅಲ್ಲಿ ಅಗ್ಗದಲ್ಲಿ ಉಪ್ಪು ಕೊಡುತ್ತಿತ್ತು. ಐಸ್ ಇಲ್ಲದ ದಿನಗಳಲ್ಲಿ ಕೆಡದೆ ಘಟ್ಟ ಹತ್ತಬಲ್ಲದ್ದು ಒಣಮೀನು ಮಾತ್ರ. ಹಸಿ ಮೀನೆಂದರೆ ನಮ್ಮವರಿಗೆ ಕೆರೆಯ ಗೆಂಡೆ, ಕೊರಮೀನು. ಸಂತೆಯಲ್ಲಿ ಕೊಂಡ ಒಣಮೀನು ಬದನೆಕಾಯಿ ಜೊತೆ ಸಾರಾಗುತ್ತಿತ್ತು.

ಆಮೇಲೆ ಬಲೆ. ಕರಾವಳಿಯಲ್ಲಿ ಬಂಗುಡೆ ಹಿಡಿಯುತ್ತಿದ್ದದ್ದು ರಂಪಣಿಯಿಂದ. ದಡದಲ್ಲಿ ಹತ್ತಾರು ಜನ ನಿಂತು ಎರಡೂ ತುದಿ ಎಳೆದು, ಬಂದದ್ದನ್ನು ಪಾಲು ಮಾಡಿಕೊಳ್ಳುತ್ತಿದ್ದರು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ದೋಣಿಗಳು ಬಂದವು. ಮೀನಿನ ಹಿಂಡು ದಡಕ್ಕೆ ಬರುವ ಮೊದಲೇ ಕಡಲಲ್ಲೇ ಸುತ್ತುವರಿದು ಹಿಡಿದವು. ರಂಪಣಿ ಮೂಲೆ ಸೇರಿತು. ಐಸ್ ಮತ್ತು ಲಾರಿ ಸೇರಿ ಹಸಿ ಬಂಗುಡೆಯನ್ನು ನಮ್ಮ ಊರಿಗೆ ತಂದವು. ಅಲ್ಲಿ ಪುಳಿಮುಂಚಿಯಾಗುವ ಮೀನು ಇಲ್ಲಿ ಧನಿಯ, ಬೆಳ್ಳುಳ್ಳಿ, ಹುಣಸೆ ಹುಳಿಯ ಸಾರಾಗಿ ರಾಗಿಮುದ್ದೆಗೆ ಜೊತೆಯಾಯಿತು.

ಆದರೆ ಬಂಗುಡೆಗೂ ಒಂದು ಬದುಕಿದೆ. ಅದು ಹೆಚ್ಚಾಗಿ ಮೊಟ್ಟೆಯಿಡುವುದು ಮಳೆಗಾಲದ ಆಸುಪಾಸಿನಲ್ಲಿ. ಮೊಟ್ಟೆ ನೀರಲ್ಲಿ ತೇಲುತ್ತಾ ಸುಮಾರು ಒಂದು ದಿನದಲ್ಲಿ ಒಡೆದು ಮರಿ ಹೊರಬರುತ್ತದೆ. ಬೆಳೆದ ಮೀನು ಬಾಯಿ ತೆರೆದು ಈಜುತ್ತಾ, ನೀರಿನ ಸೂಕ್ಷ್ಮಜೀವಿಗಳನ್ನು ಕಿವಿರಿನಲ್ಲಿ ಸೋಸಿ ತಿನ್ನುತ್ತದೆ. ಮೊದಲ ಸಲ ಮೊಟ್ಟೆಯಿಡುವ ಹೊತ್ತಿಗೆ ಹೆಚ್ಚುಕಡಿಮೆ ಗೇಣುದ್ದ ಇರುತ್ತದೆ. ರಾಜ್ಯದಲ್ಲಿ ಜೂನ್, ಜುಲೈ ತಿಂಗಳಲ್ಲಿ ಯಾಂತ್ರೀಕೃತ ದೋಣಿಗಳಿಗೆ ನಿಷೇಧವಿರುವುದು ಮೀನಿಗೆ ಈ ಬಿಡುವು ಸಿಗಲೆಂದೇ.

ಬಿಡುವಿನ ಮೊದಲೂ ನಂತರವೂ ಮರಿಗಳು ಬಲೆಗೆ ಬಿದ್ದರೆ, ಅವು ಮೊಟ್ಟೆಯಿಡುವ ದಿನವೇ ಬರುವುದಿಲ್ಲ. ಅಂಗಡಿಯಲ್ಲಿ ನಾವು ಕಿವಿರು ಎತ್ತಿ ಕೆಂಪಗಿದೆಯೇ ಎಂದು ನೋಡುತ್ತೇವೆ. ಇನ್ನು ಮೇಲೆ ಗೇಣು ಹಾಕಿಯೂ ನೋಡೋಣ. ಬೆರಳುದ್ದದ ಬಂಗುಡೆ ಅಗ್ಗವಾಗಿ ಸಿಕ್ಕರೂ ಅದನ್ನು ಅಲ್ಲೇ ಬಿಡೋಣ. ಕೆರೆ ಬತ್ತಿದರೆ ಮೀನು ಇರುವುದಿಲ್ಲ ಎಂದು ನಮ್ಮ ಊರಿಗೆ ಗೊತ್ತು. ಕಡಲಿಗೂ ಅದೇ ಮಾತು.